ಎರಡು ಸಾವಿನ ಮನೆ

ನಮ್ಮ ಬೀದಿಯಲ್ಲಿ ಮನೆಯೊಳಗೆ ಯಾರೂ ಸಾಯುವುದಿಲ್ಲ. ಇದು ಇಲ್ಲಿನ ಗಾಳಿಯ ಗುಣವೂ ಅಲ್ಲ, ಡಾಕ್ಟರ ಕೈಗುಣವೂ ಅಲ್ಲ. ಒಬ್ಬರು ಉಸಿರು ಬಿಟ್ಟ ಮನೆಯ ಬೆಲೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ಇಲ್ಲಿ ಎಲ್ಲರಿಗೂ ಬಾಯಿಪಾಠ. ಆದ್ದರಿಂದ ಕಾಯಿಲೆಯವರ ಕಣ್ಣು ತುಸು ಮೇಲಕ್ಕೆ ಹೋದದ್ದೇ ತಡ, ಮನೆಯವರು ವ್ಯಾನು ಕರೆಸುತ್ತಾರೆ. ಬೀದಿಯ ತುದಿಯಲ್ಲಿರುವ ಆಸ್ಪತ್ರೆಯ ಹಿಂದೆ ಒಂದು ತಗಡಿನ ಶೆಡ್ಡಿದೆ. ಚಿಕಿತ್ಸೆ ಬೇಕಿಲ್ಲದವರನ್ನು, ಅಂದರೆ ಸಾಯಲು ಬರೀ ಜಾಗ ಬೇಕಾದವರನ್ನು, ಅಲ್ಲಿ ಮಲಗಿಸುತ್ತಾರೆ. ಎಲ್ಲ ಮುಗಿದ ಮೇಲೆ, "ಪುಣ್ಯಾತ್ಮರು, ಮನೆಗೆ ತೊಂದರೆ ಕೊಡದೆ ಹೋದರು" ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಮಾತಿನಲ್ಲಿ ಸುಳ್ಳೇನೂ ಇಲ್ಲ. ತೊಂದರೆ ಕೊಡಲು ಅವರಿಗೆ ಅವಕಾಶವನ್ನೇ ಕೊಟ್ಟಿರಲಿಲ್ಲ, ಅಷ್ಟೆ.

ಇಂಥ ಬೀದಿಯಲ್ಲಿ ಗಡಿಯಾರ ರಿಪೇರಿಯ ಮುದುಕರೊಬ್ಬರು, ವ್ಯಾನು ಕರೆಸಲು ಯಾರೂ ಇಲ್ಲದೆ, ತಮ್ಮ ಮಂಚದ ಮೇಲೇ ತೀರಿಕೊಂಡುಬಿಟ್ಟರು. ಎರಡು ವರ್ಷ ಆ ಮನೆಯ ಬೀಗ ಯಾರೂ ತೆಗೆಯಲಿಲ್ಲ. ಕೊನೆಗೆ ಅರ್ಧ ಬೆಲೆಗೆ ಕೊಂಡವಳು ಬಣ್ಣದಕ್ಕ.

ಬಣ್ಣದಕ್ಕ ಮನೆಗಳಿಗೆ ಬಣ್ಣ ಹೊಡೆಯುವವಳು. ಇಪ್ಪತ್ತು ವರ್ಷ ಕಂಡವರ ಗೋಡೆಗೆ ಏಣಿ ಹಾಕಿದವಳು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಈ ಮನೆಯನ್ನು ಸರಿಮಾಡಿ, ಒಳ್ಳೆಯ ಬೆಲೆಗೆ ಮಾರಿ, ದೊಡ್ಡ ರಸ್ತೆಯಲ್ಲಿ ಖಾಲಿ ಬಿದ್ದಿದ್ದ ಮಳಿಗೆ ಹಿಡಿದು ಸ್ವಂತ ಪೇಂಟಿನ ಅಂಗಡಿ ಇಡಬೇಕೆಂಬುದು ಅವಳ ಲೆಕ್ಕಾಚಾರ. ಗೋಡೆಗಳನ್ನು ತಾನೇ ಕೆರೆದಳು, ಚಾವಣಿಯ ಸೋರಿಕೆ ನಿಲ್ಲಿಸಿದಳು, ಗಂಡನ ಕೈಯಲ್ಲಿ ಕಿಟಕಿಯ ಕೀಲುಗಳಿಗೆಲ್ಲ ಎಣ್ಣೆ ಬಿಡಿಸಿದಳು. ಅತ್ತೆಗೆ ಬೆಳಗಿನ ಬಿಸಿಲು ಬೀಳುವ ಕೋಣೆ ಕೊಟ್ಟಳು. ಮುದುಕಿ ಅಲ್ಲಿ ಕೂತು ಬೀದಿಯವರ ನಡಿಗೆಗೆಲ್ಲ ಅಣಕದ ಹೆಸರಿಡುತ್ತಿದ್ದರು.

ವರ್ಷ ಕಳೆಯುವಷ್ಟರಲ್ಲಿ ಬೇಕರಿಯವರು ಮನೆ ಕೇಳಿದರು. ಗಡಿಯಾರದವರು ಸತ್ತ ವಿಷಯವನ್ನು ಬಣ್ಣದಕ್ಕ ತಾನಾಗಿ ಹೇಳಿದಳು. ಬ್ರೋಕರ್ ನಡುವೆ ಬಾಯಿ ಹಾಕಿ, "ಅದು ಹಳೇ ಸಾವು ಸ್ವಾಮಿ, ಮೂರು ಕೋಟು ಬಣ್ಣದ ಅಡಿ ಹೋಯ್ತು" ಎಂದು ಸಮಾಧಾನ ಮಾಡಿದ. ಶುಕ್ರವಾರ ಕರಾರಿಗೆ ಸಹಿ ಎಂದು ನಿಗದಿಯಾಯಿತು.

ಸೋಮವಾರ ಅತ್ತೆ ಹಾಸಿಗೆ ಹಿಡಿದರು. ಡಾಕ್ಟರು ಬಂದು ನೋಡಿ, ಇನ್ನು ಔಷಧಿಯಿಂದ ಆಗುವುದೇನಿಲ್ಲ, ನಾಲ್ಕೈದು ದಿನ ಎಂದರು. ಮರುದಿನ ಗಂಡನ ಚಿಕ್ಕಪ್ಪ ಬಂದಿಳಿದರು. ಅತ್ತಿಗೆಯ ಮುಖ ನೋಡುವ ಮೊದಲೇ ವ್ಯಾನಿನವನ ನಂಬರ್ ಜೇಬಿನಿಂದ ತೆಗೆದರು.

"ನೋಡಮ್ಮ, ಒಂದು ಸಾವಿನ ಮನೆ ಹೇಗೋ ದಾಟತ್ತೆ. ಎರಡು ಸಾವಿನ ಮನೇನ ಯಾರೂ ಮೂಸಲ್ಲ. ಈಗಲೇ ಕರ್ಕೊಂಡು ಹೋಗೋಣ."

"ಎಲ್ಲಿಗೆ ಮಾವ?"

"ಎಲ್ಲಿಗೆ ಅಂದ್ರೆ? ಶೆಡ್ಡಿಗೆ. ನಮ್ಮಣ್ಣನ್ನೂ ಅಲ್ಲಿಗೇ ತಾನೆ ಕರ್ಕೊಂಡು ಹೋಗಿದ್ದು. ಮಾರೋವಾಗ ಆ ಮನೆ ಎಷ್ಟು ಚೆನ್ನಾಗಿ ಹೋಯ್ತು!"

ಒಳಕೋಣೆಯಿಂದ ಸಣ್ಣ ದನಿ ಬಂತು. "ಮನೆ ಚೆನ್ನಾಗಿ ಹೋಯ್ತು ಕಣಪ್ಪ. ನಿಮ್ಮಣ್ಣ ಚೆನ್ನಾಗಿ ಹೋಗ್ಲಿಲ್ಲ."

ಚಿಕ್ಕಪ್ಪ ಬಾಗಿಲಲ್ಲಿ ನಿಂತರು. "ಅತ್ತಿಗೆ, ನೀವು ಮಾತಾಡಿ ಆಯಾಸ ಮಾಡ್ಕೋಬೇಡಿ."

"ಇನ್ಯಾವಾಗ ಮಾತಾಡ್ಲಿ? ಆ ತಗಡಿನ ಕೆಳಗೆ ಎರಡು ದಿನ ಬೆಂದ್ರು. 'ನಾನೇನು ತಪ್ಪು ಮಾಡ್ದೆ, ಯಾಕೆ ಆಚೆ ಹಾಕಿದ್ರಿ' ಅಂತ ನನ್ನ ಕೇಳಿದ್ರು. ಔಷಧಿಗೆ ಅಂತ ಸುಳ್ಳು ಹೇಳ್ದೆ. ನಂಬ್ಲಿಲ್ಲ. ಕೊನೇವರೆಗೂ ನನ್ನ ಕಡೆ ತಿರುಗಲೇ ಇಲ್ಲ." ಉಸಿರು ಸಿಕ್ಕಿದ ಮೇಲೆ ಸೊಸೆಯತ್ತ ನೋಡಿ, "ಆದ್ರೆ ನಿನ್ನ ಅಂಗಡಿ ಇದೆಯಲ್ಲೇ. ಕಳಿಸೋದಾದ್ರೆ ಕಳಿಸು, ಬೇಜಾರಿಲ್ಲ. ಔಷಧಿಗೆ ಅಂತ ಮಾತ್ರ ಹೇಳ್ಬೇಡ" ಎಂದರು.

ಮಗ ಮೆಕ್ಯಾನಿಕ್ ಅಲ್ಲವೇ, ಎರಡೂ ಕಡೆಯ ಸದ್ದು ಕೇಳುತ್ತ ಕೆಟ್ಟಿರುವುದು ಎಲ್ಲಿ ಎಂದು ಹುಡುಕುತ್ತಿದ್ದ.

ಬಣ್ಣದಕ್ಕ ಚಿಕ್ಕಮಾವನಿಗೆ ಕುರ್ಚಿ ಎಳೆದು ಕೊಟ್ಟಳು. "ಈ ಮನೆ ಗೋಡೆನೆಲ್ಲ ನಾನೇ ಕೆರೆದಿದ್ದೀನಿ ಮಾವ. ಐದು ಪದರ. ಸುಣ್ಣ ಸಿಕ್ತು, ತುಕ್ಕು ಹಿಡಿದ ಮೊಳೆ ಸಿಕ್ತು, ಗೆದ್ದಲು ಸಿಕ್ತು. ಸಾವು ಸಿಗ್ಲಿಲ್ಲ. ಅದು ಗೋಡೇಲಿರಲ್ಲ, ಕೊಳ್ಳೋರ ತಲೇಲಿರತ್ತೆ. ಅವರ ತಲೆಗೆ ಹೆದರಿ ನಮ್ಮತ್ತೇನ ಬೀದಿಗೆ ಹಾಕ್ಲಾ?"

"ಹಾಗಾದ್ರೆ ಅಂಗಡಿ ಆಸೆ ಬಿಟ್ಟುಬಿಡು."

"ಬಿಟ್ಟೆ."

ಆ ಒಂದು ಮಾತಿಗೆ ಇಪ್ಪತ್ತು ವರ್ಷದ ಏಣಿ ಜಾರಿತು. ಅವಳ ಮುಖದಲ್ಲಿ ಅದು ಕಾಣಲಿಲ್ಲ ಎಂದರೆ ಸುಳ್ಳಾದೀತು, ಕಂಡಿತು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಅತ್ತೆಗೆ ಬೆಚ್ಚಗಿನ ನೀರು ತರಲು ಹೋದಳು. ಗಂಡ ಎದ್ದು, ಚಿಕ್ಕಪ್ಪನ ಕೈಯಿಂದ ಆ ನಂಬರಿನ ಚೀಟಿ ತೆಗೆದುಕೊಂಡು ಹರಿದುಹಾಕಿದ.

ಗುರುವಾರ ಬೆಳಿಗ್ಗೆ, ಕೋಣೆಗೆ ಬಿಸಿಲು ಬಂದ ಮೇಲೆ, ಮುದುಕಿ ಹೋದರು. ತಲೆ ಮಗನ ತೊಡೆಯ ಮೇಲಿತ್ತು. ಅದಕ್ಕೆ ಅರ್ಧ ಗಂಟೆ ಮೊದಲು ಮೈದುನನ ನಡಿಗೆಗೂ ಒಂದು ಹೆಸರಿಟ್ಟಿದ್ದರು. ಅದನ್ನು ಇಲ್ಲಿ ಬರೆಯುವುದು ಸಭ್ಯತೆಯಲ್ಲ.

ಬ್ರೋಕರ್ ಓಡಿಬಂದ. "ವ್ಯಾನಿನಲ್ಲಿ ಹೋದ್ರು ಅನ್ನಿ ಅಕ್ಕಾ! ಯಾರು ಸಾಕ್ಷಿ ಕೇಳ್ತಾರೆ?"

"ಹಾಸಿಗೇಲಿ ಹೋದ್ರು. ಅದಕ್ಕೆ ಅಂತಲೇ ಇಷ್ಟೆಲ್ಲ ಕಳ್ಕೊಂಡಿರೋದು. ಈಗ ಅದನ್ನೂ ಸುಳ್ಳು ಮಾಡ್ಲಾ?" ಎಂದ ಬಣ್ಣದಕ್ಕ ತಾನೇ ಬೇಕರಿಗೆ ಹೋಗಿ ತಿಳಿಸಿ ಬಂದಳು. ಬೇಕರಿಯವರು ಬಹಳ ಮರ್ಯಾದೆಯಿಂದ ಹಿಂದೆ ಸರಿದರು. ದೊಡ್ಡ ರಸ್ತೆಯ ಮಳಿಗೆಯಲ್ಲಿ ಚಪ್ಪಲಿ ಅಂಗಡಿ ಬಂತು.

ತಿಂಗಳು ಕಳೆದ ಮೇಲೆ ಅವಳ ಗೇಟಿಗೆ ಒಂದು ಬೋರ್ಡು ಬಂತು. ಅಕ್ಷರ ಅವಳದೇ, ದಪ್ಪ ನೀಲಿ ಬಣ್ಣ:

ಮನೆ ಮಾರಾಟಕ್ಕಿದೆ. ಬೆಲೆ ಪೂರ್ತಿ.
ಗಡಿಯಾರ ರಿಪೇರಿಯವರು ಇಲ್ಲಿ ತೀರಿಕೊಂಡರು, ತಮ್ಮ ಮಂಚದ ಮೇಲೆ.
ನಮ್ಮ ಅತ್ತೆ ಇಲ್ಲಿ ತೀರಿಕೊಂಡರು, ಮಗನ ತೊಡೆಯ ಮೇಲೆ.

ಬೀದಿಗೆ ಬೀದಿಯೇ ಬಂದು ಓದಿತು. ನಕ್ಕವರಿದ್ದರು, ಬೈದವರಿದ್ದರು. ಓದಿ, ತಂದೆಯನ್ನೋ ತಾಯಿಯನ್ನೋ ನೆನೆದು, ಬೇಗ ಬೇಗ ಮನೆಗೆ ಹೋದವರೂ ಇದ್ದರು. ಕೊಳ್ಳಲು ಮಾತ್ರ ಆರು ತಿಂಗಳು ಯಾರೂ ಬರಲಿಲ್ಲ. ಬಣ್ಣದಕ್ಕ ಮತ್ತೆ ಕಂಡವರ ಗೋಡೆಗೆ ಏಣಿ ಹಾಕಿದಳು.

ಏಳನೆಯ ತಿಂಗಳಲ್ಲಿ ಒಬ್ಬ ಹೆಂಗಸು ಬಂದು ಗೇಟು ತಟ್ಟಿದರು. ಅದೇ ಆಸ್ಪತ್ರೆಯ ನರ್ಸು. ಆ ಶೆಡ್ಡಿನಲ್ಲಿ ಹನ್ನೊಂದು ವರ್ಷ ಡ್ಯೂಟಿ ಮಾಡಿ, 'ಮನೆಗೆ ಕರ್ಕೊಂಡು ಹೋಗು ತಾಯಿ' ಎಂಬ ಮಾತನ್ನು ಕೊನೆಯ ಮಾತಾಗಿ ಎಷ್ಟೋ ಜನರ ಬಾಯಿಂದ ಕೇಳಿದವರು. ಅಡುಗೆಮನೆ, ನೀರು, ಚಾವಣಿ, ಏನನ್ನೂ ವಿಚಾರಿಸಲಿಲ್ಲ.

"ಬೋರ್ಡಿನಲ್ಲಿರೋದು ನಿಜಾನಾ?"

"ಒಂದಕ್ಷರ ಸುಳ್ಳಿಲ್ಲ."

"ನಿಮ್ಮತ್ತೆ ತೀರ್ಕೊಂಡ ಕೋಣೆ ಯಾವುದು?"

ಬಣ್ಣದಕ್ಕ ಬಿಸಿಲಿನ ಕೋಣೆ ತೋರಿಸಿದಳು. ನರ್ಸು ಕಿಟಕಿಯ ಬಳಿ ತುಸು ಹೊತ್ತು ಕೂತು, ಬೆಲೆಯ ಬಗ್ಗೆ ಒಂದು ಮಾತೂ ಎಳೆದಾಡದೆ ಒಪ್ಪಿಕೊಂಡರು. ಅವರು ಹೊರಡುವಾಗ ಬಣ್ಣದಕ್ಕ ಬೋರ್ಡು ಬಿಚ್ಚಲು ಹೋದಳು.

"ಬಿಡಿ ಅಕ್ಕಾ, ಇರ್ಲಿ, ಮೇಲಿನ ಸಾಲು ಅಳಿಸಿದ್ರೆ ಸಾಕು," ಎಂದರು ನರ್ಸು. "ನಮ್ಮಪ್ಪನಿಗೆ ಎಂಬತ್ತಾರು. ಅವರಿಗೂ ಒಂದು ಸಾಲು ಬೇಕಾಗತ್ತೆ. ನಿಮ್ಮ ಕೈ ಅಕ್ಷರದಲ್ಲೇ ಬರೆದುಕೊಡಬೇಕು."