ಒಂದೇ ಸಲ ಕರೆದ ದನಿ

ಮತ್ಸ್ಯಕನ್ಯೆಯ ಮಾಂಸ ತಿಂದು ಎಂಟುನೂರು ವರ್ಷ ಬದುಕಿದ ಸನ್ಯಾಸಿನಿ ಸಾಯಲೆಂದು ಹೊಕ್ಕ ಗುಹೆ ನಮ್ಮ ವಕಾಸ ಕಡಲತೀರದಲ್ಲಿ ಒಂದಲ್ಲ. ಕೇಳಿದರೆ ಪ್ರತಿ ಊರೂ ತನ್ನದೊಂದು ತೋರಿಸುತ್ತದೆ. ಟೋಕಿಯೊದಿಂದ ಬಂದಿದ್ದ ಗೆಳತಿ ಮಿಹೊಗೆ ಎಲ್ಲವನ್ನೂ ನೋಡಲೇಬೇಕಿತ್ತು. ದೇವಸ್ಥಾನದ ಗುಹೆ ಮುಗಿಸಿ, ಆ ಸನ್ಯಾಸಿನಿ ನೆಟ್ಟಳೆನ್ನುವ ಕೆಂಪು ಹೂವಿನ ಮರದ ಕೆಳಗೆ ಫೋಟೊ ತೆಗೆಸಿಕೊಂಡು, ಹೊತ್ತು ಇಳಿಯುವಾಗ ಕಡಲಂಚಿನ ಗುಹೆಗೆ ಬಂದೆವು. ಚಳಿಗಾಲದ ಅಲೆ ಎದ್ದಿತ್ತು.

"ಪಾಪ ಕಣೇ, ಸನ್ಯಾಸಿನಿ ಆಗೋಕೆ ಮುಂಚೆ ಅಷ್ಟೊಂದು ಗಂಡಂದಿರನ್ನ ಮಣ್ಣು ಮಾಡಿದ್ಲಂತೆ. ನಂಗೆ ಒಬ್ಬನೂ ಸಿಗ್ತಿಲ್ಲ!" ಎಂದಳು ಮಿಹೊ.

"ಸಿಕ್ಕಿದ್ರೂ ನಿನ್ನ ಗೊರಕೆಗೇ ಸಾಯ್ತಾನೆ ಬಿಡು. ಬೇಗ ಬಾ, ನೀರು ಒಳಗೆ ನುಗ್ತಿದೆ."

"ಒಂದೇ ಒಂದು ಫೋಟೊ, ಸುಜು!"

ಹಾಗೆಂದು ಗುಹೆಯೊಳಗೆ ಹೋದವಳು ಬರಲೇ ಇಲ್ಲ. ಫೋನ್ ಮಾಡಿದೆ, ಸಿಗ್ನಲ್ ಇರಲಿಲ್ಲ. ಅಷ್ಟರಲ್ಲಿ ಕತ್ತಲೊಳಗಿಂದ ಕೇಳಿಸಿತು.

"ಮೊಶಿ..."

ಮಿಹೊಳದೇ ದನಿ. 'ಓ' ಎನ್ನಲು ಬಾಯಿ ತೆರೆದವಳು ಗಪ್ಪನೆ ಮುಚ್ಚಿಕೊಂಡೆ. ಫೋನ್ ಎತ್ತಿದರೆ ನಾವು 'ಮೊಶಿ ಮೊಶಿ' ಎನ್ನುತ್ತೇವೆ. ಒಂದೇ ಸಲ ಯಾರೂ ಅನ್ನುವುದಿಲ್ಲ. ಮನುಷ್ಯರಲ್ಲದವುಗಳ ನಾಲಿಗೆಗೆ ಎರಡನೆಯದು ಹೊರಳುವುದಿಲ್ಲವಂತೆ. ಒಂದೇ ಸಲ ಕರೆದ ದನಿಗೆ ಓಗೊಟ್ಟರೆ ಅದರ ಹಿಂದೆಯೇ ಹೋಗಬೇಕಾಗುತ್ತದೆ ಎಂದು ಅಮ್ಮ ಹೆದರಿಸಿಯೇ ನನ್ನನ್ನು ಬೆಳೆಸಿದ್ದಳು.

"ಮೊಶಿ..."

ನಿಜಕ್ಕೂ ಮಿಹೊಳೇ ಆಗಿದ್ದರೆ? ಉಸಿರು ಸಾಲದೆ ಅಷ್ಟೇ ಕರೆಯುತ್ತಿದ್ದರೆ? ಅಮ್ಮ ಓಗೊಡಬೇಡ ಎಂದಿದ್ದಳು, ಹೋಗಬೇಡ ಎಂದಿರಲಿಲ್ಲ. ತುಟಿ ಕಚ್ಚಿ ಹಿಡಿದು, ಫೋನಿನ ಬೆಳಕಲ್ಲಿ ಒಳಗೆ ನಡೆದೆ.

ಬಂಡೆಗಳ ಸಂದಿಯಲ್ಲಿ ಕಾಲು ಸಿಕ್ಕಿಸಿಕೊಂಡು, ಸೊಂಟದವರೆಗಿನ ನೀರಲ್ಲಿ ಮಿಹೊ ನಡುಗುತ್ತಿದ್ದಳು. ನನ್ನನ್ನು ಕಂಡು ಅವಳ ಮುಖ ಇನ್ನಷ್ಟು ಬಿಳುಚಿತು.

"ನೀನು... ಹೊರಗಿಂದ ಬಂದ್ಯಾ?"

"ಇನ್ನೆಲ್ಲಿಂದ ಬರ್ಲಿ, ಕತ್ತೆ? ಅಷ್ಟೊತ್ತಿಂದ ಕರೀತಿದ್ದೆಯಲ್ಲ!"

"ನಾನೆಲ್ಲಿ ಕರ್ದೆ? ನೀನೇ ಒಳಗಿಂದ ಕರ್ದೆ. ನಿಂದೇ ದನಿ ಕಣೇ. ಅದಕ್ಕೇ ಬಂದು ಸಿಕ್ಕಾಕೊಂಡೆ."

"ಓ ಅಂದ್ಯಾ?"

"ಅಂದೆ. ಯಾಕೆ?"

ಬಗ್ಗಿ ಅವಳ ಬೂಟಿನ ದಾರ ಬಿಚ್ಚಿ, ಬೂಟನ್ನು ಅಲ್ಲೇ ಬಿಟ್ಟು, ಕಾಲನ್ನಷ್ಟೇ ಎಳೆದೆ. ಚರ್ಮ ಸುಲಿದು ಕಾಲು ಹೊರಬಂತು. ಅವಳನ್ನು ತಬ್ಬಿಕೊಂಡು ಗುಹೆಯ ಬಾಯಿಯ ಬೆಳಕಿನತ್ತ ತಿರುಗಿದೆ.

ಬೆನ್ನ ಹಿಂದೆಯೇ, ತೀರಾ ಹತ್ತಿರದಿಂದ, ಟೋಕಿಯೊದಲ್ಲಿರುವ ಮಿಹೊಳ ಅಮ್ಮನ ದನಿ ಮೃದುವಾಗಿ ಕರೆಯಿತು.

"ಮೊಶಿ..."

ಮಿಹೊಳ ಬಾಯಿ ತೆರೆದುಕೊಂಡಿತು. ನನ್ನ ಒದ್ದೆ ಅಂಗೈಯನ್ನು ಅದರ ಮೇಲೆ ಒತ್ತಿ ಹಿಡಿದೆ. ಅವಳು ಕಚ್ಚಿದಳು. ಕೈ ತೆಗೆಯದೆ ಅವಳನ್ನು ದರದರನೆ ಹೊರಗೆ ಎಳೆದುಕೊಂಡು ಬಂದೆ.