ಜೋಡಿ ಹಚ್ಚಿದ ಮಾಸ್ತರು

ರಾಯಚೂರಿನ ತೀನ್ ಕಂದೀಲಿನ ಹತ್ತಿರ ಖಾಸಿಂ ಸಾಬನ ಚಹಾದ ಅಂಗಡಿ ಇತ್ತು. ಅದರ ಪಕ್ಕದ ಮುಚ್ಚಿದ ಮಳಿಗೆಯ ಕಟ್ಟೆ ಶೇಷಗಿರಿ ಮಾಸ್ತರರದು ಎಂದೇ ಆ ಓಣಿಯವರೆಲ್ಲ ತಿಳಿದಿದ್ದರು. ಆಚಾರದ ಮನೆತನದವರಾದ್ದರಿಂದ ಮಾಸ್ತರರು ಅಂಗಡಿಯೊಳಗೆ ಕಾಲಿಡುತ್ತಿರಲಿಲ್ಲ, ಚಹಾ ಮುಟ್ಟುತ್ತಿರಲಿಲ್ಲ. ಆದರೆ ಶಾಲೆ ಬಿಟ್ಟ ಮೇಲೆ ಆ ಕಟ್ಟೆಯ ಮೇಲೆ ಕೂತು, ಒಳಗೆ ಚಹಾ ಕುಡಿಯುವವರಿಗೆಲ್ಲ ಕೇಳುವಂತೆ ಒಂದಿಷ್ಟು ಮಾತಾಡದಿದ್ದರೆ ಅವರಿಗೆ ಉಂಡ ಅನ್ನ ಅರಗುತ್ತಿರಲಿಲ್ಲ.

ಅವರ ಮಾತೆಲ್ಲ ಪೈಲ್ವಾನರದು, ಬಾಕ್ಸಿಂಗಿನದು. ಹಾಗೆಂದು ಅವರೇನೂ ಗರಡಿಯ ಮಣ್ಣು ಮೆಟ್ಟಿದವರಲ್ಲ. ಹೈದರಾಬಾದಿನಲ್ಲಿ ಓದುವಾಗ ಒಮ್ಮೆ ಸಿಕಂದರಾಬಾದಿನ ಮೈದಾನದಲ್ಲಿ ಗೋರಾ ಸಿಪಾಯಿಗಳು ಬಾಕ್ಸಿಂಗ್ ಆಡುವುದನ್ನು ಬೇಲಿಯಾಚೆಯಿಂದ ನೋಡಿದ್ದರು, ಆಮೇಲೆ ಪತ್ರಿಕೆಗಳಲ್ಲಿ ಓದಿದ್ದರು. ಅಷ್ಟರ ಮೇಲೆಯೇ ಅವರ ಕಥೆಗಳು ನಿಂತಿದ್ದವು. ಎಂದೂ ಎದುರುಬದುರಾಗಲು ಸಾಧ್ಯವಿಲ್ಲದವರನ್ನು ಜೋಡಿ ಹಚ್ಚುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಯಾರದೋ ಸತ್ತುಹೋದ ಮುತ್ತಜ್ಜನನ್ನು ಎಬ್ಬಿಸಿ ತಂದು ಇವತ್ತಿನ ಪೊಲೀಸ್ ಜವಾನನ ಮುಂದೆ ನಿಲ್ಲಿಸುವರು. ಒಬ್ಬ ದಪ್ಪ, ಒಬ್ಬ ಸಣಕಲು ಆದರೆ ಇವನಿಂದ ಒಂದಿಷ್ಟು ಮಾಂಸ ಇಳಿಸಿ ಅವನಿಗೆ ಏರಿಸಿ ತೂಕ ಸಮ ಮಾಡುವರು. ಆಮೇಲೆ ಸುತ್ತಿನ ಮೇಲೆ ಸುತ್ತು ಹೊಡೆದಾಟ. ಜನ ಚಹಾ ಆರಿಹೋಗುವುದನ್ನೂ ಮರೆತು ಕೇಳುತ್ತಿದ್ದರು.

ಜಗತ್ತಿನ ಎರಡನೆಯ ಲಡಾಯಿ ಮುಗಿದ ಮರುವರ್ಷ ಮಾನ್ವಿಯ ಮೀರಾಹುಸೇನ ಪಲ್ಟಣಿನಿಂದ ಬಿಡುಗಡೆಯಾಗಿ ಬಂದ. ಬಸ್ರಾದಲ್ಲಿದ್ದಾಗ ಪಲ್ಟಣಿನ ಪರವಾಗಿ ಹಗುರ ತೂಕದವರ ಬಾಕ್ಸಿಂಗಿನಲ್ಲಿ ಗೆದ್ದವನು. ನೋಡಿದರೆ ಹಾಗೆ ಅನ್ನಿಸುತ್ತಿರಲಿಲ್ಲ. ಸಣ್ಣ ಆಳು, ಮೆಲುಮಾತು. ಮೂಗು ಮಾತ್ರ ಒಂದು ಕಡೆಗೆ ವಾಲಿತ್ತು. ರಾಯಚೂರಿನ ಹತ್ತಿಯ ಗಿರಣಿಯಲ್ಲಿ ಕೆಲಸ ಸಿಕ್ಕಿ, ಸಂಜೆ ಖಾಸಿಂ ಸಾಬನ ಅಂಗಡಿಗೆ ಬರತೊಡಗಿದ. ಕಣ್ಣೆದುರಿಗೇ ಒಬ್ಬ ನಿಜವಾದ ಬಾಕ್ಸರ್ ಕೂತಿರುವಾಗ ಮಾಸ್ತರರ ನಾಲಿಗೆ ಸುಮ್ಮನಿರುವುದುಂಟೆ? ಅವನಿಗೊಂದು ಜೋಡಿ ಹುಡುಕಿದರು. ಸಿಕ್ಕವನು ದೇವದುರ್ಗದ ಕಡೆಯ ಗೂಗಲ್ ಎಂಬ ಊರಿನ ಅಂಬಣ್ಣ.

ಇಪ್ಪತ್ತು ವರ್ಷದ ಕೆಳಗೆ ಕುಸ್ತಿಯಲ್ಲಿ ಅಂಬಣ್ಣ ಅಂದರೆ ಕಲಬುರ್ಗಿಯಿಂದ ಕರ್ನೂಲಿನವರೆಗೆ ಹೆಸರು. ಆನೆಯಂಥ ಆಳು, ಅವನ ಬೆನ್ನಿಗೆ ಮಣ್ಣು ಹತ್ತಿಸಿದವರು ಈ ಸೀಮೆಯಲ್ಲಿ ಇರಲಿಲ್ಲ. ಈಗ ಐವತ್ತು ದಾಟಿ ಊರಲ್ಲಿ ಒಕ್ಕಲುತನ ಮಾಡಿಕೊಂಡಿದ್ದ. ದೇವದುರ್ಗದ ಗರಡಿಯವರು ಮಾತ್ರ ಇನ್ನೂ ಅವನನ್ನು ವಸ್ತಾದಿ, ಕುಸ್ತಿಯ ಗುರು ಎಂದು ಕಾಲುಮುಟ್ಟುತ್ತಿದ್ದರು.

ಹರೆಯದ ಅಂಬಣ್ಣನಿಗೂ ಇವತ್ತಿನ ಮೀರಾಹುಸೇನನಿಗೂ ಮಾಸ್ತರರು ಒಂದು ಸಂಜೆ ಜೋಡಿ ಹಚ್ಚಿಯೇಬಿಟ್ಟರು. ಮೊದಲ ಸುತ್ತಿನಲ್ಲಿ ಅಂಬಣ್ಣ ತೆಕ್ಕೆಗೆ ಹಾಕಿಕೊಳ್ಳಲು ಬಂದ, ಮೀರಾಹುಸೇನ ಸಿಗಲಿಲ್ಲ. ಎರಡನೆಯದರಲ್ಲಿ ಅಂಬಣ್ಣನಿಗೆ ಉಸಿರು ಹತ್ತಿತು. ಮೂರನೆಯ ಸುತ್ತಿನಲ್ಲಿ ಮೀರಾಹುಸೇನನ ಗುದ್ದು ಬಿದ್ದು, ಭಾರ ಎಳೆಯಲಾರದ ಎತ್ತು ಕೂತಂತೆ ಅಂಬಣ್ಣ ಮಂಡಿಯೂರಿದ. ಎತ್ತು ಕೂರುವುದನ್ನು ಮಾಸ್ತರರು ಕಟ್ಟೆಯ ಮೇಲೆಯೇ ಮಾಡಿ ತೋರಿಸಿದರು. ಅಂಗಡಿಗೆ ಅಂಗಡಿಯೇ ಬಿದ್ದು ಬಿದ್ದು ನಕ್ಕಿತು. ಮೀರಾಹುಸೇನ ತಲೆ ತಗ್ಗಿಸಿದ.

“ಹಂಗ ಹೇಳಬ್ಯಾಡ್ರಿ ಮಾಸ್ಟರ್ ಸಾಬ್, ಅವರು ದೊಡ್ಡವರು,” ಎಂದ.

ಮಾಸ್ತರರು ಅದನ್ನು ಸಂಕೋಚ ಎಂದುಕೊಂಡು, ಮರುದಿನ ಇನ್ನಷ್ಟು ಉಪ್ಪುಖಾರ ಹಚ್ಚಿ ಅದನ್ನೇ ಹೇಳಿದರು.

ಮಾತು ಬಸ್ಸು ಹತ್ತಿ ದೇವದುರ್ಗ ಮುಟ್ಟಲು ತಡವಾಗಲಿಲ್ಲ. ಒಂದು ಸಂಜೆ ಆ ಗರಡಿಯ ಇಬ್ಬರು ಆಳುಗಳು ಅಂಗಡಿಯ ಮುಂದೆ ಬಂದು ನಿಂತರು. ನಮ್ಮ ವಸ್ತಾದಿ ಮಂಡಿಯೂರಿದ್ದು ರಾಯಚೂರಿನ ಕಟ್ಟೆಗೆ ಕಾಣುವುದಾದರೆ ನಮ್ಮೂರಿಗೂ ಬಂದು ತೋರಿಸಲಿ ಎಂದರು. ಖಾಸಿಂ ಸಾಬ ಮಾಸ್ತರರ ಪರವಾಗಿ ತಾನೇ ಕೈಮುಗಿದು, ಅದೆಲ್ಲ ಹೊತ್ತು ಕಳೆಯುವ ಮಾತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದ. ಮಾಸ್ತರರೂ ಹೌದು ಎಂದು ತಲೆಯಾಡಿಸಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅಂಗಡಿಯಲ್ಲಿದ್ದವರೆಲ್ಲ ಮಾಸ್ತರರ ಮುಖವನ್ನೇ ನೋಡುತ್ತಿದ್ದರು.

“ತೋರಿಸೋಣಂತ,” ಎಂದರು ಶೇಷಗಿರಿ ಮಾಸ್ತರರು. “ನಾನಽ ನಡುವ ನಿಂತು ಆಡಿಸ್ತೀನಿ. ಹೈದ್ರಾಬಾದಿನ್ಯಾಗ ಆಡಿಸಿ ರೂಢಿ ಅದ.”

ಅದು ಶುದ್ಧ ಸುಳ್ಳು. ಬಾಯಿಂದ ಬಿದ್ದ ಮೇಲೆ ಮಾಸ್ತರರಿಗೇ ಗಾಬರಿಯಾಯಿತು, ಆದರೆ ಹಿಂದೆ ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ.

ಮೀರಾಹುಸೇನ ಒಪ್ಪಲೇ ಇಲ್ಲ. ಮಾಸ್ತರರು ಗಿರಣಿಯ ಬಾಗಿಲಲ್ಲಿ ಕಾದು ನಿಂತು, ಅಂಜಿದ ಅನ್ನುತ್ತಾರೆ ಎಂದರು; ಪಲ್ಟಣಿನ ಮಾನ ಎಂದರು; ಒಮ್ಮೆ ಬಂದು ನಿಂತರೆ ಸಾಕು ಎಂದು ಬೇಡಿಕೊಂಡರು. ಕೊನೆಗೆ ಅವನು ಒಂದು ಕರಾರಿನ ಮೇಲೆ ಒಪ್ಪಿದ.

“ಎರಡನೇ ಸುತ್ತಿಗೆ ನಿಲ್ಲಿಸ್ಬೇಕ್ರಿ. ಇಬ್ಬರೂ ಸಮಾ ಅಂತ ಹೇಳಿ ಕೈ ಎತ್ತಿಸ್ಬೇಕು. ವಯಸ್ಸಾದವರು ಅದಾರ. ಉಸಿರು ಹತ್ತಿದ ಮ್ಯಾಲೆ ನಾ ಹೊಡದ್ರ ಅದು ಆಟ ಅಲ್ಲ.”

ಮಾಸ್ತರರು ಜನಿವಾರ ಮುಟ್ಟಿ ಮಾತು ಕೊಟ್ಟರು.

ಒಂದು ಆದಿತ್ಯವಾರ ಬೆಳಿಗ್ಗೆ, ದೇವದುರ್ಗದ ಗರಡಿಯ ಪಕ್ಕದ ಬಯಲಲ್ಲಿ ಬಂಡಿಯ ಹಗ್ಗ ಬಿಗಿದು ಚೌಕ ಮಾಡಿದ್ದರು. ಸುತ್ತ ಕಾಲಿಡಲು ಜಾಗವಿರಲಿಲ್ಲ. ಮಾಸ್ತರರು ಅಂಬಣ್ಣನನ್ನು ಕಣ್ಣಾರೆ ಕಂಡದ್ದು ಅಂದೇ ಮೊದಲು. ಕಟ್ಟೆಯ ಮೇಲೆ ತಾವು ದಿನವೂ ಬೀಳಿಸುತ್ತಿದ್ದ ಆನೆ ಇದಲ್ಲ. ಎತ್ತರದ ಮುದುಕ, ಬೆಳ್ಳಗಾದ ಮೀಸೆ, ಎದೆಯ ಮಾಂಸ ಜೋತುಬಿದ್ದಿತ್ತು. ಒಗೆದ ಬಿಳಿ ಚಲ್ಲಣ ತೊಟ್ಟಿದ್ದ. ಬಗ್ಗಿ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು, ಮಾಸ್ತರರಿಗೆ ನಮಸ್ಕಾರ ಮಾಡಿ ನಕ್ಕ. ಅವನ ಬೆರಳುಗಳು ಬಾಕ್ಸಿಂಗಿನ ಕೈಗವಸಿನಲ್ಲಿ ಹಿಡಿಸಲಿಲ್ಲ. ಮೀರಾಹುಸೇನನೇ ಮುಂದೆ ಬಂದು ಹೊಲಿಗೆ ಬಿಚ್ಚಿ, ಅವನ ಕೈ ತುರುಕಿ, ಮೆಲ್ಲಗೆ ದಾರ ಕಟ್ಟಿದ. ಮಾಸ್ತರರು ಅದನ್ನೆಲ್ಲ ನೋಡಿದರು. ಆದರೂ ಹಗ್ಗದ ನಡುವೆ ಹೋಗಿ ನಿಂತರು.

ಮೊದಲ ಸುತ್ತಿನಲ್ಲಿ ಮೀರಾಹುಸೇನ ಮುದುಕನ ಸುತ್ತ ಸುಳಿದಾಡುತ್ತ, ಹೆಗಲಿಗೆ, ತೋಳಿಗೆ ಮುಟ್ಟಿದ ಹಾಗೆ ಮಾಡಿದ. ಇದೇನು ಕೋಲಾಟವೇನು ಎಂದು ಜನ ಕೂಗತೊಡಗಿದರು. ಬಾಕ್ಸಿಂಗ್ ಕಾಣದ ಜನ, ತಿಳಿಸಿ ಹೇಳೋಣವೆಂದು ಮಾಸ್ತರರು ನಡುವೆ ನಿಂತಲ್ಲಿಂದಲೇ ಬಾಯಿಬಿಟ್ಟರು. ಇದು ಎಡಗೈ ಹೊಡೆತ, ಇದು ತಪ್ಪಿಸಿಕೊಂಡದ್ದು. ಜನ ಕಿವಿಗೊಟ್ಟರು. ಒಂದು ಕಡೆ ನಗು ಎದ್ದಿತು, ಇನ್ನೊಂದು ಕಡೆ ಚಪ್ಪಾಳೆ. ಮಾಸ್ತರರ ದನಿ ಏರಿತು. ಎರಡನೆಯ ಸುತ್ತಿನ ಹೊತ್ತಿಗೆ ಅವರು ಕಾದುವವರನ್ನು ಬಿಟ್ಟು ಜನರ ಮುಖವನ್ನೇ ನೋಡುತ್ತ ಹೇಳುತ್ತಿದ್ದರು. ಅಷ್ಟು ಜನ ತಮ್ಮ ಮಾತಿಗೆ ತೂಗುವುದನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ.

ಎರಡನೆಯ ಸುತ್ತು ಮುಗಿಯಿತು. ಅಂಬಣ್ಣ ಹಗ್ಗ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದ. ಮೀರಾಹುಸೇನ ಕೈ ಇಳಿಬಿಟ್ಟು ಮಾಸ್ತರರನ್ನು ನೋಡಿದ. ಆ ನೋಟ ಅವರಿಗೆ ಕಾಣಲಿಲ್ಲ ಎನ್ನುವಂತಿಲ್ಲ. ಚೆನ್ನಾಗಿ ಕಂಡಿತು, ಅರ್ಥವೂ ಆಯಿತು. ಆದರೆ ಜನ ಮೂರನೆಯದು, ಮೂರನೆಯದು ಎಂದು ಕೂಗುತ್ತಿದ್ದರು. ಮಾಸ್ತರರ ಕಥೆಯಲ್ಲೂ ಆಗುವುದೆಲ್ಲ ಆಗುತ್ತಿದ್ದುದು ಮೂರನೆಯದರಲ್ಲೇ. ಮಾಸ್ತರರು ಕೈ ಎತ್ತಿ ಮೂರನೆಯ ಸುತ್ತಿಗೆ ಬಿಟ್ಟರು.

ಅಂಬಣ್ಣ ಉಳಿದ ಉಸಿರನ್ನೆಲ್ಲ ಒಗ್ಗೂಡಿಸಿಕೊಂಡು ನುಗ್ಗಿ ಬಂದು, ತನಗೆ ಗೊತ್ತಿದ್ದ ಹಳೆಯ ತೆಕ್ಕೆ ಹಾಕಿಯೇಬಿಟ್ಟ. ಹಗ್ಗಕ್ಕೆ ಆತುಕೊಂಡ ಮೀರಾಹುಸೇನನಿಗೆ ಪಕ್ಕೆಲುಬು ಮುರಿದಂತಾಯಿತು. ಬಿಡಿಸಬೇಕಾದ ಮಾಸ್ತರರು ಬಿಡಿಸದೆ, ಅಂಬಣ್ಣನ ತೆಕ್ಕೆ ಎಂಥದು ನೋಡಿರಿ ಎಂದು ಜನರಿಗೆ ವಿವರಿಸುತ್ತಿದ್ದರು. ಅಷ್ಟರಲ್ಲಿ ಮೀರಾಹುಸೇನನ ಬಲಗೈ ತಾನಾಗಿಯೇ ಎದ್ದು ಮುದುಕನ ಎಡಗಣ್ಣಿನ ಮೇಲೆ ಬಿತ್ತು. ಅಂಬಣ್ಣ ಮೊದಲು ಮಂಡಿಯೂರಿದ. ಆಮೇಲೆ ಎರಡೂ ಕೈ ಊರಿದ. ಕಟ್ಟೆಯ ಮೇಲೆ ಮಾಸ್ತರರು ಮಾಡಿ ತೋರಿಸುತ್ತಿದ್ದುದು ಹೀಗೆಯೇ.

ರಕ್ತ ಇಳಿಯುತ್ತಿದ್ದ ಮುಖವನ್ನೆತ್ತಿ ಅಂಬಣ್ಣ ಮಾಸ್ತರರನ್ನು ಹುಡುಕಿ ನೋಡಿದ.

“ನೀವು ಹೇಳಿದ್ದು ಇದಽ ಏನ್ರಿ ಮಾಸ್ತರ್ರ?” ಎಂದು ಕೇಳಿದ.

ಅದರಲ್ಲಿ ಕುಟುಕು ಇರಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದ್ದ.

ಮೀರಾಹುಸೇನ ಮಾಸ್ತರರ ಜೊತೆ ರಾಯಚೂರಿನ ಬಸ್ಸು ಹತ್ತಲಿಲ್ಲ. ಗಿರಣಿಯ ಕೆಲಸವನ್ನೂ ಬಿಟ್ಟು ಮಾನ್ವಿಗೆ ಹೊರಟುಹೋದನೆಂದು ಆಮೇಲೆ ತಿಳಿಯಿತು. ರಾಯಚೂರಿನಲ್ಲಿ ಮಾತ್ರ ಮಾಸ್ತರರಿಗೆ ಎಲ್ಲಿಲ್ಲದ ಮರ್ಯಾದೆ. ಹೇಳಿದ್ದು ಹೇಳಿದಂತೆಯೇ, ಅದೂ ಮೂರನೆಯ ಸುತ್ತಿನಲ್ಲೇ ಆಯಿತೆಂದು ಸಂತೆಯಲ್ಲೂ ಮಾತು. ಕಟ್ಟೆಯ ಮುಂದೆ ಜನ ಸೇರಿ, ಇನ್ನೊಂದು ಜೋಡಿ ಹಚ್ಚಿರೆಂದು ದುಂಬಾಲು ಬಿದ್ದರು. ನಿಲ್ಲಿಸಬೇಕಾದವನು ನಾನು, ನಿಲ್ಲಿಸಲಿಲ್ಲ ಎಂದು ಮಾಸ್ತರರು ಬಾಯಿಬಿಟ್ಟು ಹೇಳಿದರು. ಅದನ್ನೂ ದೊಡ್ಡತನವೆಂದುಕೊಂಡು ಜನ ತಲೆದೂಗಿದರು. ಒಳಗೆ ಕಪ್ಪು ತೊಳೆಯುತ್ತಿದ್ದ ಖಾಸಿಂ ಸಾಬ ಒಬ್ಬನೇ ಅವರ ಕಡೆ ತಿರುಗಿ ನೋಡಲಿಲ್ಲ.

ಮಾಸ್ತರರು ಕಟ್ಟೆ ಬಿಟ್ಟರು. ಶಾಲೆಯಿಂದ ಹಿಂದಿನ ಓಣಿ ಹಿಡಿದು, ಗೋಡೆಗೆ ಹತ್ತಿಕೊಂಡು ಮನೆ ಸೇರತೊಡಗಿದರು. ಸಂಧ್ಯಾವಂದನೆಗೆ ಕೂತರೆ ಜನಿವಾರ ಹಿಡಿದ ಕೈ ಹಿಡಿದಂತೆಯೇ ನಿಂತು ಮಂತ್ರ ಮುಂದೆ ಸಾಗುತ್ತಿರಲಿಲ್ಲ. ಏನಾಗಿದೆ ಎಂದು ಹೆಂಡತಿ ಸತ್ಯಭಾಮಾಬಾಯಿ ಕೇಳಿ ಕೇಳಿ ಸೋತಳು. ಹೇಳಲು ನಾಚಿಕೆ. ಹೇಳಿದರೆ ಅವಳೂ ಸಮಾಧಾನ ಮಾಡಿಬಿಟ್ಟಾಳೆಂಬ ಅಂಜಿಕೆ ಬೇರೆ.

ತಿಂಗಳು ಕಳೆದ ಮೇಲೆ ತಡೆಯಲಾರದೆ ಮಾನ್ವಿಗೆ ಹೋದರು. ಪೇಟೆಯಲ್ಲಿ ತಾಯಿ ಬಡೇಬೀಯ ಬಳೆಯಂಗಡಿಯಲ್ಲಿ ಮೀರಾಹುಸೇನ ಕೂತಿದ್ದ. ಅವನೇನೂ ಮುಖ ತಿರುಗಿಸಲಿಲ್ಲ. ಗೋಣಿತಟ್ಟು ಕೊಡವಿ ಹಾಸಿದ. ಮಾಸ್ತರರು ತಪ್ಪಾಯಿತು ಎನ್ನಲು ಹೊರಟಾಗ ತಡೆದ.

“ನನ್ನ ಕೈ ಹೊಡೀತು, ಅದಕ್ಕ ನಾ ಗೂಗಲ್ಲಿಗೆ ಹೋಗಿ ಕಾಲಿಗೆ ಬಿದ್ದು ಬಂದೆ. ಆ ಕಣ್ಣು ಹೋತ್ರಿ. ನಿಮ್ಮ ಮಾತು ನನಗ ಯಾಕ ಹೇಳ್ತೀರಿ? ಅಲ್ಲಿ ಹೋಗ್ರಿ.”

ಬಡೇಬೀ ಬಳೆ ಜೋಡಿಸುವುದನ್ನು ನಿಲ್ಲಿಸಿ ಒಮ್ಮೆ ನೋಡಿ, ಮತ್ತೆ ಜೋಡಿಸತೊಡಗಿದಳು. ಮಾಸ್ತರರು ಕುಳಿತ ಗೋಣಿತಟ್ಟಿನಿಂದ ಎದ್ದು ಬಂದರು.

ದೇವದುರ್ಗದವರೆಗೆ ಬಸ್ಸು, ಮುಂದೆ ಯಾರದೋ ಬಂಡಿ, ಕೊನೆಗೆ ನಡಿಗೆ. ಗೂಗಲ್ ಮುಟ್ಟುವಾಗ ಕೃಷ್ಣೆಯ ಮೇಲೆ ಬಿಸಿಲು ಸುಡುತ್ತಿತ್ತು. ಅಂಬಣ್ಣ ಮನೆಯ ಮುಂದಿನ ಬೇವಿನ ನೆರಳಿನಲ್ಲಿ ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದ. ಎಡಗಣ್ಣಿನ ರೆಪ್ಪೆ ಕೂಡಿಕೊಂಡಿತ್ತು. ಯಾರೋ ಬಂದದ್ದು ತಿಳಿದು ಮುಖವನ್ನೆಲ್ಲ ಹೊರಳಿಸಿ ನೋಡಿ, ಗುರುತು ಹಿಡಿದು, ಎದ್ದು ನಿಂತ. ಹೆಂಡತಿ ಅನ್ನಮ್ಮನನ್ನು ಕೂಗಿ ಕಂಬಳಿ ಹಾಸಲು ಹೇಳಿದ. ಅವಳು ಹಾಸಿ ಬಾಗಿಲಿಗೆ ಸರಿದಳು.

ಕೂರುವ ಮೊದಲೇ ಮಾಸ್ತರರು ಹೇಳಿಬಿಟ್ಟರು.

“ನಿಲ್ಲಿಸ್ತೀನಿ ಅಂತ ಮಾತು ಕೊಟ್ಟಿದ್ದೆ, ಅಂಬಣ್ಣ. ನಿಲ್ಲಿಸ್ಲಿಲ್ಲ. ಜನ ಕೇಳಾಕತ್ತಿದ್ರು, ಅದಕ್ಕ ನಿಲ್ಲಿಸ್ಲಿಲ್ಲ.”

ಬೈಯುತ್ತಾನೆ, ಬೈದರೆ ಹಗುರಾದೇನು ಎಂದು ಕಾದರು. ಅಂಬಣ್ಣ ಮತ್ತೆ ಕೂತು ಹಗ್ಗದ ಎಳೆ ಬಿಡಿಸತೊಡಗಿದ.

“ಹುಡುಗರು ಸಿಟ್ಟಿಗೆದ್ದು ನಿಮ್ಮಲ್ಲಿ ಬಂದ್ರು ಖರೆ. ನನಗೇನ ಸಿಟ್ಟು ಬಂದಿದ್ದಿಲ್ರಿ,” ಎಂದ. “ಇಷ್ಟು ವರ್ಷ ಆದ ಮ್ಯಾಲೆ ರಾಯಚೂರಾಗ ನನ್ನ ಹೆಸರು ಯಾರೋ ಹೇಳಾಕತ್ತಾರ ಅಂತ ಖುಷಿ ಆತು. ಆ ಖುಷಿಗೆ ಬಂದೆ ನಾ. ಗೆಲ್ಲಂಗಿಲ್ಲ ಅಂತ ನನಗ ಗೊತ್ತಿತ್ತು. ಇಕಿನೂ ಬ್ಯಾಡ ಅಂದಿದ್ಲು.”

ಅನ್ನಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ನೀವು ನಮ್ಮ ಮನೆಯಲ್ಲಿ ಉಣ್ಣುವವರಲ್ಲ ಎಂದಷ್ಟೇ ಹೇಳಿ, ಸುಲಿಯದ ಶೇಂಗಾಕಾಯಿಯ ಮೊರ ತಂದು ಮುಂದಿಟ್ಟಳು. ಮಾಸ್ತರರು ಒಂದು ಕಾಯಿ ಸುಲಿದು ಬಾಯಿಗೆ ಹಾಕಿಕೊಂಡರು. ಬೈಗುಳಕ್ಕೆ ಸಿದ್ಧರಾಗಿ ಬಂದಿದ್ದರು. ಈ ಖುಷಿಯ ಮಾತಿಗಲ್ಲ. ಕಟ್ಟೆಯ ಮೇಲೆ ಅವನ ಹೆಸರನ್ನು ಯಾತಕ್ಕೆ ಎತ್ತುತ್ತಿದ್ದೆನೆಂದು, ಎತ್ತಿನ ಹಾಗೆ ಕೂತು ಎಷ್ಟು ಜನರನ್ನು ನಗಿಸಿದೆನೆಂದು ಹೇಳಬೇಕೆನ್ನಿಸಿತು. ಹೇಳದೆ ಇನ್ನೊಂದು ಕಾಯಿ ಸುಲಿದರು.

ಹೊರಟಾಗ ಅಂಬಣ್ಣ ಬೇಡವೆಂದರೂ ಕೇಳದೆ ಊರ ಬಾಗಿಲಿನವರೆಗೆ ಕಳಿಸಲು ಬಂದ. ಎಡಗಡೆಯ ಕಲ್ಲು ಕಾಣದೆ ಎರಡು ಸಲ ಎಡವಿದ. ಮಾಸ್ತರರು ಆ ಪಕ್ಕಕ್ಕೆ ಸರಿದು ಅವನ ರಟ್ಟೆ ಹಿಡಿದರು. ಅಲ್ಲಮಪ್ರಭುವಿನ ಗುಡಿಯ ಮುಂದೆ ನಾಲ್ಕು ಜನ ಕೂತಿದ್ದರು. ಅವರು ಯಾರು ಬಂದವರು ಎಂದು ಕೇಳುವ ಮೊದಲೇ ಅಂಬಣ್ಣ ನಿಂತು, ಎದೆ ಸೆಟೆಸಿ ಹೇಳಿದ.

“ರಾಯಚೂರ ಮಾಸ್ತರು ಇವರು. ನನಗ ಜೋಡಿ ಹಚ್ಚಿದವರು.”

ಆ ನಾಲ್ವರೂ ಎದ್ದು ಕೈಮುಗಿದರು. ಶೇಷಗಿರಿ ಮಾಸ್ತರರಿಗೆ ಕೈ ಎತ್ತಲಾಗಲಿಲ್ಲ. ಅಂಬಣ್ಣನ ರಟ್ಟೆಯನ್ನು ಹಾಗೇ ಹಿಡಿದುಕೊಂಡು, ನೆಲ ನೋಡುತ್ತ ನಿಂತುಬಿಟ್ಟರು.