ಚಪ್ಪಲಿ ಕ್ಯಾಸೆಟ್ಟು

ಚಟ್ಟದ ಬಿದಿರು ಹೆಗಲಿಗೆ ಒತ್ತುತ್ತಿತ್ತು. ಮಹದೇವಸ್ವಾಮಿಯನ್ನು ಅದರ ನೋವಿಗಿಂತ ಹಿಂದಿನಿಂದ ಬರುತ್ತಿದ್ದ ಹೇಮಶ್ರೀಯ ಮಾತೇ ಹೆಚ್ಚು ಉರಿಸುತ್ತಿತ್ತು. ನಾಗಮಂಗಲದ ಹುಡುಗಿ, ಕಾಲೇಜಿನಲ್ಲಿ ಸಿನಿಮಾ ಪಾಠ ಹೇಳುವವಳು. ಅಪ್ಪನ ಮನೆಗೆ ಬಾಗಿಲು ಮಾಡಿಸಲು ಬಂದಾಗ, ಈ ಚಟ್ಟದ ಮೇಲಿನ ಬಡಗಿ ಕಾಳಪ್ಪ ಅವಳಿಗೊಂದು ಹಳೆಯ ವಿಡಿಯೊ ಕ್ಯಾಸೆಟ್ಟು ತೋರಿಸಿದ್ದನಂತೆ. ಈಗ ಅವನ ಹೆಂಡತಿ ಜಯಲಕ್ಷ್ಮಮ್ಮನ ತೋಳು ಹಿಡಿದು, ಸತ್ತವನನ್ನು ಹೊಗಳುತ್ತಲೇ ನಡೆಯುತ್ತಿದ್ದಳು.

"ಎರಡು ಗಂಟೆ ಬರೀ ಚಪ್ಪಲಿ, ಅಮ್ಮ. ಛತ್ರದೊಳಗೆ ಮುಹೂರ್ತ ನಡೀತಿದೆ, ಓಲಗ ಕೇಳುತ್ತೆ. ಕ್ಯಾಮೆರಾ ಮಾತ್ರ ಒಳಗೆ ತಿರುಗಲ್ಲ. ಕತೆ ಇಲ್ಲ, ಹೀರೋ ಇಲ್ಲ. ಏನು ನೋಡಬೇಕು ಅನ್ನೋದನ್ನ ನಮಗೇ ಬಿಟ್ಟಿದಾರೆ."

"ಆ ಕ್ಯಾಸೆಟ್ಟಿಂದ್ಲೇ ನಮ್ ಬಾಳು ಎಕ್ಕುಟ್ಟೋಗಿದ್ದು ಕಣವ್ವ. ಮದ್ವೆ ವಿಡಿಯೊ ತೆಗೀಲಾ ಅಂದ್ರೆ ಮೆಟ್ಟೋ ಕೆರ ತೆಗ್ದವ್ನೆ ಅಂತ ಊರೆಲ್ಲ ಆಡ್ಕೊಂಡ್ರು. ಆಮೇಲೆ ಯಾರೂ ಕರೀನಿಲ್ಲ. ಇವ್ರು ಉಳಿ ಇಡ್ಕೊಂಡು ಬಾಗ್ಲು ಕೆತ್ತಕ್ಕೆ ಕುಂತ್ಕೊಂಡ್ರು."

"ದೊಡ್ಡ ಕಲಾವಿದರು, ಅಮ್ಮ."

ಕಲಾವಿದನಂತೆ! ಅರಕೆರೆಯ ಸುತ್ತ ಸಾವಿರ ಮದುವೆಯ ವಿಡಿಯೊ ತೆಗೆದವನು ಮಹದೇವಸ್ವಾಮಿ. ಹೆಣ್ಣುಗಂಡನ್ನು ಹೃದಯದ ಆಕಾರದೊಳಗೆ ಕೂರಿಸಿ ಮೇಲೆ ಗುಲಾಬಿ ಉದುರಿಸಿದವನು. ಅದರಲ್ಲಿ ಒಂದನ್ನಾದರೂ ಯಾವನಾದರೂ ಎರಡನೇ ಸಲ ನೋಡಿದನೇ?

*

ಇಪ್ಪತ್ತಾರು ವರ್ಷದ ಹಿಂದೆ, ದೇವಲಾಪುರದ ಮದುವೆ. ಆಗ ಇಬ್ಬರದೂ ಒಂದೇ ಸ್ಟುಡಿಯೊ. ಕಾಳಪ್ಪ ಜ್ವರ ಬಂದು ಛತ್ರದ ಮೂಲೆಯಲ್ಲಿ ಮಲಗಿದ್ದ. ಮಹದೇವಸ್ವಾಮಿ ಬಾಗಿಲ ಬಳಿ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ, ಗಂಡಿನ ಕಡೆಯವರ ಜೊತೆ ಕುಡಿಯಲು ಹೋದ. ಬರುವಷ್ಟರಲ್ಲಿ ತಾಳಿ ಕಟ್ಟಿಯಾಗಿತ್ತು. ಸ್ಟ್ಯಾಂಡಿನ ತಿರುಪು ಸಡಿಲವಾಗಿ, ಕ್ಯಾಮೆರಾ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ಕಡೆ ಬಗ್ಗಿಕೊಂಡು ಅವನ್ನೇ ತೆಗೆಯುತ್ತಲೇ ಇತ್ತು.

"ನಿಂಗಿನ್ನೂ ಮದ್ವೆಗೆ ಎಣ್ಣು ಗೊತ್ ಮಾಡ್ಬೇಕು ಕಣ್ಲಾ. ಕುಡುಕ ಅಂದ್ಬುಟ್ಟಾರು. ನಾನೇ ತೆಗ್ದೆ ಅಂತೀನಿ ಬುಡು," ಎಂದ ಕಾಳಪ್ಪ.

ಹಾಗೇ ಅಂದ, ಬೈಸಿಕೊಂಡ. ಸ್ಟುಡಿಯೊ ಮಹದೇವಸ್ವಾಮಿಯ ಪಾಲಿಗೆ ಬಂತು. ಕಾಳಪ್ಪ ಕ್ಯಾಸೆಟ್ಟನ್ನು ಮಾತ್ರ ಇಟ್ಟುಕೊಂಡು, ಆಗಾಗ ಹಾಕಿ ನೋಡುತ್ತಿದ್ದ. "ಬಂದ್ ನೋಡ್ಲಾ, ಒಂದ್ ಕೂಸಿನ ಚಪ್ಲಿ ಕಡೇಗಂಟ ಯಾರೂ ಮೆಟ್ಕೊಂಡೋಗಲ್ಲ," ಎಂದು ಕರೆಯುತ್ತಿದ್ದ. ಮಹದೇವಸ್ವಾಮಿ ಒಂದು ದಿನವೂ ಹೋಗಲಿಲ್ಲ.

*

ನಾಲೆ ಪಕ್ಕದ ಗುಂಡಿಗೆ ಹೆಣ ಇಳಿಸಿದರು. ಒಬ್ಬೊಬ್ಬರೂ ಮೂರು ಹಿಡಿ ಮಣ್ಣು ಹಾಕಬೇಕು. ಮಹದೇವಸ್ವಾಮಿ ಮೊದಲ ಹಿಡಿ ತೆಗೆದುಕೊಂಡಿದ್ದ.

"ಚಿತ್ರೋತ್ಸವದಲ್ಲಿ ತೋರಿಸ್ತೀವಿ, ಅಮ್ಮ," ಎಂದಳು ಹೇಮಶ್ರೀ. "ಮೊದಲಿಗೇ ಪರದೆ ಮೇಲೆ ಅವರ ಹೆಸರು ಬರುತ್ತೆ."

ಅವನಿಗೆ ತಡೆಯಲಾಗಲಿಲ್ಲ. "ಅದು ನಂದು ಕಣವ್ವ! ಕ್ಯಾಮೆರಾ ಇಟ್ಟೋನು ನಾನು. ನನ್ ಎಸ್ರು ಬರ್ಕೊ."

ಎಲ್ಲರೂ ತಿರುಗಿ ನೋಡಿದರು. "ಅದನ್ನ ನೀವು ನೋಡಿದೀರಾ?" ಎಂದಳು ಹೇಮಶ್ರೀ.

ಅವನು ಮಣ್ಣು ಹಿಡಿದ ಕೈಯನ್ನು ಗುಂಡಿಯ ಮೇಲೆ ಚಾಚಿದ.

"ಅಂಗಾರೆ ಆವತ್ತು ಮದ್ವೆ ಕೆಡ್ಸಿದ್ದು ನೀನಾ, ಸ್ವಾಮಣ್ಣ?" ಜಯಲಕ್ಷ್ಮಮ್ಮ ಹತ್ತಿರ ಬಂದು ಅವನ ಮಣಿಕಟ್ಟು ಹಿಡಿದಳು. "ನೀನು ಮಣ್ಣಾಕ್ಬ್ಯಾಡ."

ಉಳಿದವರು ಮಣ್ಣು ಹಾಕಿ, ನಾಲೆಯಲ್ಲಿ ಕೈಕಾಲು ತೊಳೆದು ಊರ ಕಡೆ ಹೊರಟರು. ಮಹದೇವಸ್ವಾಮಿ ಹಿಡಿ ಮಣ್ಣನ್ನು ಮುಷ್ಟಿಯಲ್ಲೇ ಬಿಗಿದುಕೊಂಡು, ಗುಂಡಿಗೂ ಹಾಕಲಾಗದೆ, ಕೆಳಗೂ ಚೆಲ್ಲಲಾಗದೆ ನಿಂತಿದ್ದ.